ನ್ಯೂಜೆರ್ಸಿಯ ಕನಿಷ್ಠ ವೇತನ, 1992: ಪದವಿ ತರಗತಿಗೆ ಒಂದು ಪ್ರಕರಣ ಅಧ್ಯಯನ

ಅಮೆರಿಕದ ನ್ಯೂಜೆರ್ಸಿ ರಾಜ್ಯವು 1992ರ ಏಪ್ರಿಲ್ 1ರಂದು ತನ್ನ ಕನಿಷ್ಠ ವೇತನವನ್ನು ಗಂಟೆಗೆ 4.25 ಡಾಲರಿನಿಂದ 5.05 ಡಾಲರಿಗೆ ಏರಿಸಿತು. ಗಡಿಯಾಚೆಯ ಪೆನ್ಸಿಲ್ವೇನಿಯಾದಲ್ಲಿ ಅದು 4.25 ಡಾಲರಿನಲ್ಲೇ ಉಳಿಯಿತು. ಈ ಏರಿಕೆಯಿಂದ ಕಡಿಮೆ ಕೂಲಿಯ ಕೆಲಸಗಳು ಇಲ್ಲವಾದವೇ ಎಂಬುದನ್ನು ಆಗ ಪ್ರಿನ್ಸ್‌ಟನ್ ವಿಶ್ವವಿದ್ಯಾಲಯದಲ್ಲಿದ್ದ ಅರ್ಥಶಾಸ್ತ್ರಜ್ಞರಾದ ಡೇವಿಡ್ ಕಾರ್ಡ್ ಮತ್ತು ಅಲನ್ ಕ್ರೂಗರ್ ಅಳೆದು ನೋಡಿ, ಫಲಿತಾಂಶವನ್ನು 1994ರ ಸೆಪ್ಟೆಂಬರಿನ ಅಮೆರಿಕನ್ ಎಕನಾಮಿಕ್ ರಿವ್ಯೂ ಪತ್ರಿಕೆಯಲ್ಲಿ ಪ್ರಕಟಿಸಿದರು. ಪದವಿಯ ಕೊನೆಯ ವರ್ಷದಲ್ಲಿ ಅರ್ಥಶಾಸ್ತ್ರ ಓದುವವರಿಗೆ ಉನ್ನತ ವಿಶ್ಲೇಷಣೆ ಎಂದರೇನು ಎಂಬುದನ್ನು ಕೈಯಾರೆ ಮಾಡಿ ತಿಳಿದುಕೊಳ್ಳಲು ಇದಕ್ಕಿಂತ ಒಳ್ಳೆಯ ಪ್ರಕರಣ ನನಗೆ ಕಂಡಿಲ್ಲ.

ನಮ್ಮ ರಾಜ್ಯದಲ್ಲಿ ಬಿ.ಎ. ತರಗತಿಗೆ ಅರ್ಥಶಾಸ್ತ್ರ ತೆಗೆದುಕೊಂಡು ಬರುವವರಲ್ಲಿ ಬಹಳಷ್ಟು ಮಂದಿ ಪಿಯುಸಿಯಲ್ಲಿ ಇತಿಹಾಸ, ಅರ್ಥಶಾಸ್ತ್ರ, ರಾಜ್ಯಶಾಸ್ತ್ರದ ಸಂಯೋಜನೆ ಓದಿದವರು. ಗಣಿತವನ್ನು ಎಸ್‌ಎಸ್‌ಎಲ್‌ಸಿಯಲ್ಲೇ ಬಿಟ್ಟವರು. ಹೀಗಾಗಿ ಉನ್ನತ ವಿಶ್ಲೇಷಣೆಯೆಂದರೆ ಕಲನಶಾಸ್ತ್ರ ಬಲ್ಲವರ ಸೊತ್ತು, ಎಂ.ಎ.ಗೆ ಹೋದ ಮೇಲೆ ನೋಡಿಕೊಳ್ಳಬಹುದಾದ ವಿಷಯ ಎಂಬ ಭಾವನೆ ಅಧ್ಯಾಪಕರಲ್ಲೂ ವಿದ್ಯಾರ್ಥಿಗಳಲ್ಲೂ ಬೇರೂರಿದೆ. ಇದನ್ನು ನಾನು ಒಪ್ಪುವುದಿಲ್ಲ. ಗಣಿತ ಬೇಕು, ನಿಜ. ಆದರೆ ಆರಂಭದ ಪಾಠಕ್ಕೂ ಮುಂದುವರಿದ ಪಾಠಕ್ಕೂ ಇರುವ ಮುಖ್ಯ ಅಂತರ ಗಣಿತದ್ದಲ್ಲ. ಆರಂಭದ ಪಾಠದಲ್ಲಿ ಸಿದ್ಧಾಂತ ಒಂದು ಉತ್ತರವನ್ನು ಕೊಡುತ್ತದೆ, ವಿದ್ಯಾರ್ಥಿ ಅದನ್ನು ಬರೆಯುತ್ತಾನೆ. ಮುಂದುವರಿದ ಪಾಠದಲ್ಲಿ ಒಂದಕ್ಕಿಂತ ಹೆಚ್ಚು ಸಿದ್ಧಾಂತಗಳು ಬೇರೆ ಬೇರೆ ಉತ್ತರ ಕೊಡುತ್ತವೆ, ಅವುಗಳಲ್ಲಿ ಯಾವುದು ನಿಲ್ಲುತ್ತದೆಂದು ತೀರ್ಮಾನಿಸಬಲ್ಲ ಅಳತೆ ಯಾವುದೆಂದು ವಿದ್ಯಾರ್ಥಿಯೇ ಹುಡುಕಬೇಕಾಗುತ್ತದೆ. ನ್ಯೂಜೆರ್ಸಿಯ ಪ್ರಕರಣದಲ್ಲಿ ಈ ಹುಡುಕಾಟ ಕೂಡುವ ಕಳೆಯುವ ಲೆಕ್ಕದಿಂದಲೇ ಆರಂಭವಾಗುತ್ತದೆ.

ಅಂಕಿಗಳನ್ನು ನೋಡುವ ಮೊದಲು

ತರಗತಿಯಲ್ಲಿ ಫಲಿತಾಂಶವನ್ನು ಮೊದಲೇ ಹೇಳಿಬಿಟ್ಟರೆ ಪ್ರಕರಣದ ಅರ್ಧ ಪ್ರಯೋಜನ ಅಲ್ಲಿಗೇ ಮುಗಿಯುತ್ತದೆ. ಆದ್ದರಿಂದ ಮೊದಲು ನಿರೀಕ್ಷೆಯನ್ನು ಸಂಖ್ಯೆಯಲ್ಲಿ ಬರೆಸುವುದು ಒಳ್ಳೆಯದು. ಪೂರ್ಣ ಪೈಪೋಟಿಯ ಮಾರುಕಟ್ಟೆಯಲ್ಲಿ ಸಮತೋಲನ ಕೂಲಿಗಿಂತ (ದುಡಿಮೆಯ ಬೇಡಿಕೆ ಪೂರೈಕೆಗಳು ಸಮವಾಗುವ ಕೂಲಿಗಿಂತ) ಮೇಲೆ ಕನಿಷ್ಠ ವೇತನ ನಿಗದಿಯಾದರೆ ಮಾಲೀಕರು ಕೊಳ್ಳುವ ದುಡಿಮೆ ಕಡಿಮೆಯಾಗುತ್ತದೆ ಎಂಬುದು ಎಲ್ಲರಿಗೂ ಗೊತ್ತಿರುವ ಪಾಠ. ಎಷ್ಟು ಕಡಿಮೆಯಾಗುತ್ತದೆ? ಅಮೆರಿಕದ ಹದಿಹರೆಯದ ಕೆಲಸಗಾರರ ಬಗ್ಗೆ 1980ರ ದಶಕದ ಆರಂಭದವರೆಗೆ ನಡೆದಿದ್ದ ಅಧ್ಯಯನಗಳ ಸಾರಾಂಶದಂತೆ, ಕನಿಷ್ಠ ವೇತನ ಶೇ. 10ರಷ್ಟು ಏರಿದರೆ ಅವರ ಉದ್ಯೋಗ ಶೇ. 1ರಿಂದ 3ರಷ್ಟು ಇಳಿಯಬೇಕಿತ್ತು. 4.25ರಿಂದ 5.05ಕ್ಕೆ ಏರಿಕೆಯೆಂದರೆ ಹೆಚ್ಚುಕಡಿಮೆ ಶೇ. 19. ಹಾಗಾದರೆ ಶೇ. 2ರಿಂದ 6ರವರೆಗಿನ ಇಳಿಕೆಯನ್ನು ನಿರೀಕ್ಷಿಸಬೇಕು. ಹದಿಹರೆಯದವರೆಲ್ಲರ ಮೇಲಿನ ಅಂದಾಜನ್ನು ಹೋಟೆಲುಗಳಿಗೆ ಹೊಂದಿಸುವುದು ಒರಟು ಲೆಕ್ಕವೇ ಹೌದು, ಆದರೂ ಹೋಲಿಸಿ ನೋಡಲು ಒಂದು ಸಂಖ್ಯೆ ಕೈಯಲ್ಲಿರುತ್ತದೆ.

ಇನ್ನು, ಈ ಏರಿಕೆ ಹೇಗೆ ಬಂತು ಎಂಬುದನ್ನು ಬಿಟ್ಟು ಮುಂದಕ್ಕೆ ಹೋಗಬಾರದು. ಸರಕಾರಗಳು ಆರ್ಥಿಕತೆ ಚೆನ್ನಾಗಿರುವಾಗ ವೇತನ ಏರಿಸಿದರೆ, ಅನಂತರ ಉದ್ಯೋಗ ಹೆಚ್ಚಿದ್ದು ವೇತನದಿಂದಲೋ ಒಳ್ಳೆಯ ಕಾಲದಿಂದಲೋ ತಿಳಿಯದು. ನ್ಯೂಜೆರ್ಸಿಯ ಕಾನೂನು 1990ರ ಆರಂಭದಲ್ಲೇ ಅಂಗೀಕಾರವಾಗಿತ್ತು; ಜಾರಿಗೆ ಬರುವ ದಿನ ಎರಡು ವರ್ಷ ಮುಂದಿತ್ತು. ಈ ನಡುವೆ ಆರ್ಥಿಕ ಹಿಂಜರಿತ ಬಂತು. 1992ರ ಮಾರ್ಚ್‌ನಲ್ಲಿ ರಾಜ್ಯದ ಶಾಸಕಾಂಗವು 80 ಸೆಂಟ್‌ಗಳ ಏರಿಕೆಯನ್ನು ಎರಡು ವರ್ಷಗಳಿಗೆ ಹಂಚುವ ಮಸೂದೆಗೆ ಮತ ಹಾಕಿತು. ಆದರೆ ಗವರ್ನರರ ವಿಟೊವನ್ನು ಮೀರಲು ಬೇಕಾದ ಬಹುಮತಕ್ಕೆ ಸ್ವಲ್ಪವೇ ಕೊರತೆಯಾಯಿತು, 5.05ರ ದರ ಏಪ್ರಿಲ್ 1ರಂದು ಜಾರಿಯಾಗಲು ಬಿಟ್ಟು ಗವರ್ನರರು ಅನಂತರ ಆ ಮಸೂದೆಯನ್ನು ತಿರಸ್ಕರಿಸಿದರು. ಅಂದರೆ ಏರಿಕೆ ಜಾರಿಗೆ ಬಂದದ್ದು ಕೆಟ್ಟ ಕಾಲದಲ್ಲಿ, ಮತ್ತು ಅದು ನಿಜವಾಗಿ ಬರುತ್ತದೆಯೇ ಎಂಬ ಅನುಮಾನ ಕೊನೆಯ ವಾರಗಳವರೆಗೂ ಉಳಿದಿತ್ತು. ಆದ್ದರಿಂದ ಮಾಲೀಕರು ಮೊದಲೇ ಪೂರ್ತಿ ಹೊಂದಿಕೊಂಡು ಕುಳಿತಿದ್ದರು ಎಂಬ ಆಕ್ಷೇಪ ಇಲ್ಲಿ ದುರ್ಬಲವಾಗುತ್ತದೆ.

ಸಮೀಕ್ಷೆಗೆ ಆರಿಸಿಕೊಂಡದ್ದು ಬರ್ಗರ್ ಕಿಂಗ್, ಕೆಎಫ್‌ಸಿ, ವೆಂಡೀಸ್, ರಾಯ್ ರೋಜರ್ಸ್ ಎಂಬ ನಾಲ್ಕು ಸರಣಿಗಳ ಹೋಟೆಲುಗಳನ್ನು. ಕಡಿಮೆ ಕೂಲಿಯವರನ್ನು ಹೆಚ್ಚಾಗಿ ನೇಮಿಸಿಕೊಳ್ಳುವ ಕ್ಷೇತ್ರ ಅದು. ಅಲ್ಲಿ ಟಿಪ್ಸ್ ಇಲ್ಲದ್ದರಿಂದ ಕೂಲಿಯನ್ನು ಸರಿಯಾಗಿ ಅಳೆಯಬಹುದು, ಮಾಡುವ ಕೆಲಸವೂ ಮಾರುವ ತಿನಿಸೂ ಎಲ್ಲ ಕಡೆ ಒಂದೇ ಬಗೆಯದು. ಮೊದಲ ಸುತ್ತಿನ ಸಮೀಕ್ಷೆ 1992ರ ಫೆಬ್ರವರಿ ಕೊನೆ ಹಾಗೂ ಮಾರ್ಚ್ ಆರಂಭದಲ್ಲಿ ದೂರವಾಣಿಯ ಮೂಲಕ ನಡೆಯಿತು. ನ್ಯೂಜೆರ್ಸಿಯ 331, ಪೂರ್ವ ಪೆನ್ಸಿಲ್ವೇನಿಯಾದ 79, ಒಟ್ಟು 410 ಹೋಟೆಲುಗಳು ಉತ್ತರಿಸಿದವು. ಎರಡನೆಯ ಸುತ್ತು ನವೆಂಬರ್ ಮತ್ತು ಡಿಸೆಂಬರ್‌ನಲ್ಲಿ. ಆಗ ದೂರವಾಣಿಗೆ ಸಿಗದಿದ್ದ ಹೋಟೆಲುಗಳಿಗೆ ಸಂದರ್ಶಕರನ್ನೇ ಕಳುಹಿಸಲಾಯಿತು. ಈ ಒಂದು ಸಂಗತಿಯ ಮೇಲೆ ನಾನು ತರಗತಿಯಲ್ಲಿ ಸಾಕಷ್ಟು ಹೊತ್ತು ನಿಲ್ಲುತ್ತೇನೆ. ಏರಿದ ಕೂಲಿಯನ್ನು ತಡೆದುಕೊಳ್ಳಲಾಗದೆ ಬಾಗಿಲು ಹಾಕಿದ ಹೋಟೆಲಿನಲ್ಲಿ ಫೋನ್ ಎತ್ತುವವರು ಇರುವುದಿಲ್ಲ; ಎತ್ತಿದವರನ್ನಷ್ಟೇ ಲೆಕ್ಕಕ್ಕೆ ಹಿಡಿದರೆ ಉದ್ಯೋಗ ನಷ್ಟವೇ ಕಣ್ಣಿಗೆ ಬೀಳುವುದಿಲ್ಲ. ಶಾಶ್ವತವಾಗಿ ಮುಚ್ಚಿದ್ದ ಆರು ಹೋಟೆಲುಗಳನ್ನು ಪತ್ತೆ ಹಚ್ಚಿ, ಅವುಗಳ ಉದ್ಯೋಗವನ್ನು ಸೊನ್ನೆಯೆಂದು ಬರೆದು ಲೆಕ್ಕದಲ್ಲಿ ಇಟ್ಟುಕೊಂಡದ್ದು ಈ ಅಧ್ಯಯನದ ಪ್ರಾಮಾಣಿಕತೆಯ ಗುರುತು.

ನಾಲ್ಕು ಸರಾಸರಿಗಳು

ಪೂರ್ಣಾವಧಿ ಕೆಲಸಗಾರನನ್ನು ಒಂದೆಂದೂ ಅರೆಕಾಲಿಕನನ್ನು ಅರ್ಧವೆಂದೂ ಎಣಿಸಿ ಪ್ರತಿ ಹೋಟೆಲಿನ ಉದ್ಯೋಗವನ್ನು ಲೆಕ್ಕ ಹಾಕಲಾಯಿತು. ಏರಿಕೆಗೆ ಮೊದಲು ನ್ಯೂಜೆರ್ಸಿಯ ಹೋಟೆಲುಗಳ ಸರಾಸರಿ 20.44, ಪೆನ್ಸಿಲ್ವೇನಿಯಾದ್ದು 23.33. ಏರಿಕೆಯ ನಂತರ ನ್ಯೂಜೆರ್ಸಿಯದು 21.03, ಪೆನ್ಸಿಲ್ವೇನಿಯಾದ್ದು 21.17. ವಿದ್ಯಾರ್ಥಿಗಳು ಈ ನಾಲ್ಕನ್ನು ಎರಡು ಸಾಲು, ಎರಡು ಕಂಬಗಳಾಗಿ ಬರೆದುಕೊಳ್ಳಬೇಕು.

ನ್ಯೂಜೆರ್ಸಿಯ ಬದಲಾವಣೆ 0.59, ಏರಿಕೆ. ಪೆನ್ಸಿಲ್ವೇನಿಯಾದ ಬದಲಾವಣೆ ಋಣ 2.16, ಇಳಿಕೆ. ನ್ಯೂಜೆರ್ಸಿಯಲ್ಲಿ ವೇತನ ಏರದೆ ಇದ್ದಿದ್ದರೆ ಅಲ್ಲಿನ ಹೋಟೆಲುಗಳೂ ನೆರೆ ರಾಜ್ಯದವುಗಳಂತೆ 2.16ರಷ್ಟು ಇಳಿಯುತ್ತಿದ್ದವು ಎಂದು ಭಾವಿಸಿದರೆ, ವೇತನ ಏರಿಕೆಯ ಪರಿಣಾಮ 0.59ರಿಂದ ಋಣ 2.16ನ್ನು ಕಳೆದಾಗ ಸಿಗುವುದು, ಅಂದರೆ 2.75. ಪ್ರಬಂಧದಲ್ಲಿ 2.76 ಎಂದಿದೆ; ದಶಾಂಶಗಳನ್ನು ಸರಿಹೊಂದಿಸಿ ಮುದ್ರಿಸಿದ್ದರಿಂದ ಬಂದ ಅಂತರ ಅದು. ಮುದ್ರಿತ ಸಂಖ್ಯೆಯನ್ನು ನಕಲು ಮಾಡದೆ ತಾನೇ ಕಳೆದು ನೋಡಿದ ವಿದ್ಯಾರ್ಥಿಗೆ ಮಾತ್ರ ಈ 0.01 ಕಾಣುತ್ತದೆ, ಅದನ್ನು ಕಂಡು ಕೇಳಿದವರು ಆ ಪ್ರಬಂಧವನ್ನು ನಿಜವಾಗಿ ಓದುತ್ತಿದ್ದಾರೆಂದು ನಾನು ತಿಳಿಯುತ್ತೇನೆ.

ಈ ವಿಧಾನಕ್ಕೆ ಡಿಫರೆನ್ಸ್-ಇನ್-ಡಿಫರೆನ್ಸಸ್, ಅಂದರೆ ಬದಲಾವಣೆಗಳ ನಡುವಿನ ವ್ಯತ್ಯಾಸ, ಎಂದು ಹೆಸರು. ಇದೇ ಲೆಕ್ಕವನ್ನು ರಿಗ್ರೆಶನ್ ಸಮೀಕರಣವಾಗಿಯೂ (ಒಂದು ಅಳತೆ ಬೇರೆ ಅಂಶಗಳೊಂದಿಗೆ ಹೇಗೆ ಬದಲಾಗುತ್ತದೆಂದು ತೋರಿಸುವ ಸಮೀಕರಣ) ಬರೆಯಬಹುದು: ಹೋಟೆಲು ನ್ಯೂಜೆರ್ಸಿಯದಾದರೆ 1 ಎನ್ನುವ ಒಂದು ಚರಾಂಕ, ಎರಡನೆಯ ಸುತ್ತಾದರೆ 1 ಎನ್ನುವ ಇನ್ನೊಂದು, ಮತ್ತು ಆ ಎರಡರ ಗುಣಲಬ್ಧ. ಆಗ ಸ್ಥಿರಾಂಕ 23.33 ಆಗುತ್ತದೆ, ರಾಜ್ಯದ ಗುಣಾಂಕ ಋಣ 2.89, ಕಾಲದ ಗುಣಾಂಕ ಋಣ 2.16, ಗುಣಲಬ್ಧದ ಗುಣಾಂಕವೇ ನಾವು ಹುಡುಕುತ್ತಿದ್ದ 2.76. ರಿಗ್ರೆಶನ್ ಎಂದರೆ ಸಾಫ್ಟ್‌ವೇರ್ ಕಾರುವ ಪಟ್ಟಿ ಎಂದುಕೊಂಡಿದ್ದವರಿಗೆ, ಆ ನಾಲ್ಕು ಗುಣಾಂಕಗಳು ತಾವು ಕಾಗದದ ಮೇಲೆ ಬರೆದ ನಾಲ್ಕು ಸರಾಸರಿಗಳಿಂದ ಬಂದವೇ ಹೊರತು ಬೇರೇನೂ ಅಲ್ಲವೆಂದು ಮನವರಿಕೆಯಾದ ಮೇಲೆ ಮುಂದಿನ ಅರ್ಥಮಾಪನ ಶಾಸ್ತ್ರದ ಪಾಠಗಳ ಭಯ ಬಹುಮಟ್ಟಿಗೆ ಇಳಿಯುತ್ತದೆ.

2.76ರ ಸ್ಟ್ಯಾಂಡರ್ಡ್ ಎರರ್, ಅಂದರೆ ಆ ಅಂದಾಜಿನಲ್ಲಿರುವ ಅನಿಶ್ಚಿತತೆಯ ಅಳತೆ, 1.36. ಅದನ್ನು 1.96ರಿಂದ ಗುಣಿಸಿದರೆ 2.67, ಹಾಗಾಗಿ ಶೇ. 95ರ ವಿಶ್ವಾಸಾಂತರ (ನಿಜವಾದ ಪರಿಣಾಮ ಇರಬಹುದಾದ ವ್ಯಾಪ್ತಿ) ಸುಮಾರು 0.1ರಿಂದ 5.4ರವರೆಗೆ ಹರಡಿಕೊಂಡಿದೆ. ಮೊದಲು ಬರೆದಿಟ್ಟುಕೊಂಡ ನಿರೀಕ್ಷೆಯನ್ನು ಈಗ ಹೊರಗೆ ತೆಗೆಯಬೇಕು. 20.44ರ ಶೇ. 2ರಿಂದ 6 ಎಂದರೆ ಪ್ರತಿ ಹೋಟೆಲಿಗೆ 0.4ರಿಂದ 1.2ರವರೆಗಿನ ಇಳಿಕೆ. ಅಂತರದ ಕೆಳತುದಿಯೂ ಸೊನ್ನೆಗಿಂತ ಮೇಲಿದೆ. ವೇತನ ಏರಿಕೆ ಕೆಲಸ ಕಳೆಯಿತು ಎಂಬ ವಾದಕ್ಕೆ ಈ ಅಂಕಿಗಳಲ್ಲಿ ಆಧಾರ ಸಿಗುವುದಿಲ್ಲ.

ಇಷ್ಟಕ್ಕೇ ನಿಲ್ಲಿಸಿದರೆ ವಿಶ್ಲೇಷಣೆ ಅಪೂರ್ಣ. ಚುರುಕಾದ ವಿದ್ಯಾರ್ಥಿ ಇಲ್ಲಿ ಒಂದು ಅನುಮಾನ ಎತ್ತಲೇಬೇಕು: 2.76ರಲ್ಲಿ ಬಹುಪಾಲು ಬಂದಿರುವುದು ಪೆನ್ಸಿಲ್ವೇನಿಯಾದ ಇಳಿಕೆಯಿಂದ. ನ್ಯೂಜೆರ್ಸಿಯ ಸ್ವಂತ ಏರಿಕೆ 0.59 ಮಾತ್ರ, ಅದರ ಸ್ಟ್ಯಾಂಡರ್ಡ್ ಎರರ್ 0.54, ಅದೊಂದನ್ನೇ ನೋಡಿದರೆ ಸೊನ್ನೆಯಿಂದ ಬೇರೆಯೆಂದು ಹೇಳಲಾಗದು. ಪೆನ್ಸಿಲ್ವೇನಿಯಾದಲ್ಲಿ ಆ ವರ್ಷ ಅಲ್ಲಿಗಷ್ಟೇ ಸಂಬಂಧಿಸಿದ ಏನೋ ನಡೆದು ಉದ್ಯೋಗ ಕುಸಿದಿದ್ದರೆ ಇಡೀ ಫಲಿತಾಂಶ ಕುಸಿಯುತ್ತದೆ. ಎರಡೂ ರಾಜ್ಯಗಳ ಹಾದಿ, ವೇತನ ಏರದಿದ್ದರೆ, ಸಮಾಂತರವಾಗಿರುತ್ತಿತ್ತು ಎಂಬ ಊಹೆಯೇ ಈ ವಿಧಾನದ ಬುನಾದಿ, ಮತ್ತು ಒಂದೇ ಒಂದು ಹಿಂದಿನ ಸುತ್ತನ್ನು ಇಟ್ಟುಕೊಂಡು ಆ ಊಹೆಯನ್ನು ಪರೀಕ್ಷಿಸಲು ಬರುವುದಿಲ್ಲ.

ಇದಕ್ಕೆ ಪ್ರಬಂಧದಲ್ಲೇ ಒಂದು ಜಾಣ ಉತ್ತರವಿದೆ, ಇಡೀ ಅಧ್ಯಯನದಲ್ಲಿ ನನಗೆ ಅತಿ ಮೆಚ್ಚುಗೆಯ ಭಾಗ ಅದು. ನ್ಯೂಜೆರ್ಸಿಯೊಳಗೇ ಕೆಲವು ಹೋಟೆಲುಗಳು ಏರಿಕೆಗೆ ಮೊದಲೇ ಆರಂಭಿಕ ಕೂಲಿಯಾಗಿ 5 ಡಾಲರು ಅಥವಾ ಅದಕ್ಕಿಂತ ಹೆಚ್ಚು ಕೊಡುತ್ತಿದ್ದವು. ಹೊಸ ಕಾನೂನು ಅವುಗಳನ್ನು ಹೆಚ್ಚುಕಡಿಮೆ ಮುಟ್ಟಲೇ ಇಲ್ಲ. ಅವುಗಳ ಸರಾಸರಿ ಉದ್ಯೋಗ 22.25ರಿಂದ 20.21ಕ್ಕೆ, ಅಂದರೆ 2.04ರಷ್ಟು ಇಳಿಯಿತು. ಪೆನ್ಸಿಲ್ವೇನಿಯಾದ 2.16ರ ಪಕ್ಕದಲ್ಲಿ ಈ ಸಂಖ್ಯೆಯನ್ನು ಇಟ್ಟು ನೋಡಬೇಕು. ಗಡಿಯ ಎರಡೂ ಕಡೆ, ವೇತನ ಏರಿಸಬೇಕಾಗಿಲ್ಲದ ಹೋಟೆಲುಗಳೆಲ್ಲ ಒಂದೇ ಪ್ರಮಾಣದಲ್ಲಿ ಇಳಿದಿವೆ. ಅದು ಹಿಂಜರಿತದ ಪೆಟ್ಟೆಂದು ಓದುವುದು ಸಹಜ. ಆದರೆ 4.25 ಡಾಲರು ಕೊಡುತ್ತಿದ್ದ, ಕಾನೂನಿನ ಭಾರ ಪೂರ್ತಿ ಹೊತ್ತ ನ್ಯೂಜೆರ್ಸಿಯ ಹೋಟೆಲುಗಳಲ್ಲಿ ಉದ್ಯೋಗ 19.56ರಿಂದ 20.88ಕ್ಕೆ ಏರಿತು. ರಾಜ್ಯದೊಳಗಿನ ಈ ಹೋಲಿಕೆಯ ಅಂತರ 3.36. ಪೆನ್ಸಿಲ್ವೇನಿಯಾವನ್ನು ಸಂಪೂರ್ಣ ಬದಿಗಿಟ್ಟರೂ ಫಲಿತಾಂಶದ ದಿಕ್ಕು ಬದಲಾಗಲಿಲ್ಲ.

ಯಾವ ಸಿದ್ಧಾಂತಕ್ಕೆ ಹೊಂದುತ್ತದೆ

ಕೂಲಿ ಏರಿದರೂ ಉದ್ಯೋಗ ಇಳಿಯದಿರಲು ಸಾಧ್ಯವೇ? ಅರ್ಥಶಾಸ್ತ್ರಜ್ಞೆ ಜೋನ್ ರಾಬಿನ್ಸನ್ 1933ರಲ್ಲೇ ವಿವರಿಸಿದ್ದ ಮೊನಾಪ್ಸನಿ ಮಾದರಿ, ಅಂದರೆ ದುಡಿಮೆ ಕೊಳ್ಳುವ ಮಾಲೀಕರಿಗೆ ಕೂಲಿಯ ಮೇಲೆ ಹಿಡಿತವಿರುವ ಮಾರುಕಟ್ಟೆಯ ಮಾದರಿ, ಸಾಧ್ಯವೆನ್ನುತ್ತದೆ. ಒಂದು ಸಣ್ಣ ಪೇಟೆಯ ಹೋಟೆಲಿನಲ್ಲಿ ದಿನಕ್ಕೆ 400 ರೂಪಾಯಿಯಂತೆ 10 ಮಂದಿ ದುಡಿಯುತ್ತಿದ್ದಾರೆ ಎಂದುಕೊಳ್ಳೋಣ. ಹನ್ನೊಂದನೆಯವರು 420 ರೂಪಾಯಿಗಿಂತ ಕಡಿಮೆಗೆ ಬರುವುದಿಲ್ಲ. ಅವರಿಗೆ 420 ಕೊಟ್ಟರೆ ಉಳಿದ 10 ಮಂದಿಗೂ ಅಷ್ಟೇ ಕೊಡಬೇಕಾಗುತ್ತದೆ. ಒಟ್ಟು ಕೂಲಿ 4,000ದಿಂದ 4,620ಕ್ಕೆ ಏರುತ್ತದೆ, ಅಂದರೆ ಹನ್ನೊಂದನೆಯವರ ಸೀಮಾಂತ ವೆಚ್ಚ 620 ರೂಪಾಯಿ. ಅವರಿಂದ ಬರುವ ಹೆಚ್ಚುವರಿ ಆದಾಯ 500 ಆಗಿದ್ದರೆ ಮಾಲೀಕರು ನೇಮಿಸಿಕೊಳ್ಳುವುದಿಲ್ಲ. ಈಗ ಸರಕಾರ 420 ರೂಪಾಯಿಯನ್ನು ಕನಿಷ್ಠ ವೇತನವಾಗಿ ನಿಗದಿಪಡಿಸಿದರೆ 10 ಮಂದಿಗೆ ಹೇಗೂ 4,200 ಕೊಡಬೇಕು, 11 ಮಂದಿಗೆ 4,620. ಹನ್ನೊಂದನೆಯವರ ಸೀಮಾಂತ ವೆಚ್ಚ 420ಕ್ಕೆ ಇಳಿಯುತ್ತದೆ, 500 ತರುವವರನ್ನು ನೇಮಿಸಿಕೊಳ್ಳುವುದು ಲಾಭವಾಗುತ್ತದೆ. ಕಲನಶಾಸ್ತ್ರವಿಲ್ಲದೆ, ಐದಾರು ಸಾಲಿನ ಲೆಕ್ಕದಲ್ಲಿ ಸೀಮಾಂತ ವೆಚ್ಚ ಮತ್ತು ಕೂಲಿಯ ನಡುವಿನ ಅಂತರ ತಿಳಿಯುತ್ತದೆ. ಅದರ ಅವಕಲನ ರೂಪವನ್ನು ಇದಾದ ಮೇಲೆ ಕಲಿಸಿದರೆ ವಿದ್ಯಾರ್ಥಿಗೆ ಸಮೀಕರಣದ ಪ್ರತಿ ಪದದ ಹಿಂದೆ ಏನಿದೆಯೆಂದು ಗೊತ್ತಿರುತ್ತದೆ.

ಆದರೂ ಮೊನಾಪ್ಸನಿಯೇ ಉತ್ತರವೆಂದು ತೀರ್ಮಾನಿಸಲು ಬಾರದು. ಆ ಮಾದರಿಯಂತೆ ಉದ್ಯೋಗ ಹೆಚ್ಚಿದರೆ ಉತ್ಪಾದನೆ ಹೆಚ್ಚಬೇಕು, ಬೆಲೆ ಇಳಿಯಬೇಕು. ನ್ಯೂಜೆರ್ಸಿಯಲ್ಲಿ ಒಂದು ಪೂರ್ತಿ ಊಟದ ತೆರಿಗೆ ಪೂರ್ವ ಬೆಲೆ ಪೆನ್ಸಿಲ್ವೇನಿಯಾಕ್ಕಿಂತ ಸುಮಾರು ಶೇ. 4ರಷ್ಟು ಹೆಚ್ಚು ಏರಿತು. ಇದು ಪೈಪೋಟಿಯ ಮಾದರಿಗೆ ಹೊಂದುತ್ತದೆ: ಕೂಲಿಯ ಭಾರ ಗ್ರಾಹಕರ ಮೇಲೆ ಬಿದ್ದಿದೆ. ಆದರೆ ನ್ಯೂಜೆರ್ಸಿಯೊಳಗೆ ಕೂಲಿ ಹೆಚ್ಚು ಏರಿಸಬೇಕಾಗಿ ಬಂದ ಹೋಟೆಲುಗಳಲ್ಲಿ ಬೆಲೆ ಹೆಚ್ಚು ಏರಿದ್ದೂ ಕಾಣಲಿಲ್ಲ. ಉದ್ಯೋಗದ ಅಂಕಿಗಳು ಒಂದು ಸಿದ್ಧಾಂತದ ಕಡೆ, ಬೆಲೆಯ ಅಂಕಿಗಳು ಇನ್ನೊಂದರ ಕಡೆ ವಾಲುತ್ತವೆ. ಪರೀಕ್ಷೆಯಲ್ಲಿ ಒಂದೇ ಸರಿಯುತ್ತರ ಬರೆದು ರೂಢಿಯಾದವರಿಗೆ ಇಲ್ಲಿ ಕಸಿವಿಸಿಯಾಗುತ್ತದೆ. ಆ ಕಸಿವಿಸಿಯನ್ನು ಅವಸರದಲ್ಲಿ ಹೋಗಲಾಡಿಸದೆ, ಎರಡೂ ಸಾಕ್ಷ್ಯಗಳನ್ನು ಪಕ್ಕಪಕ್ಕದಲ್ಲಿಟ್ಟು ಒಂದು ಪುಟ ಬರೆಯಲು ಹೇಳುವುದೇ ಈ ಹಂತದ ಶಿಕ್ಷಣ ಎಂದು ನಾನು ನಂಬಿದ್ದೇನೆ.

ವಿವಾದ

ಅರ್ಥಶಾಸ್ತ್ರಜ್ಞರಾದ ಡೇವಿಡ್ ನ್ಯೂಮಾರ್ಕ್ ಮತ್ತು ವಿಲಿಯಂ ವಾಷರ್ ಈ ಫಲಿತಾಂಶವನ್ನು ಪ್ರಶ್ನಿಸಿದರು. ದೂರವಾಣಿಯಲ್ಲಿ ಕೇಳಿ ಬರೆದುಕೊಂಡ ಸಂಖ್ಯೆಗಳಲ್ಲಿ ಏರುಪೇರು ಅತಿಯಾಗಿದೆಯೆಂದು ವಾದಿಸಿ, ಹೋಟೆಲುಗಳ ಸಂಬಳ ಪಟ್ಟಿಗಳಿಂದ ಅಂಕಿ ಸಂಗ್ರಹಿಸಿ, ನ್ಯೂಜೆರ್ಸಿಯಲ್ಲಿ ಉದ್ಯೋಗ ಸಾಪೇಕ್ಷವಾಗಿ ಸುಮಾರು ಶೇ. 4ರಷ್ಟು ಇಳಿದಿದೆಯೆಂದು 2000ದಲ್ಲಿ ಅದೇ ಪತ್ರಿಕೆಯಲ್ಲಿ ಬರೆದರು. ಆ ಅಂಕಿಗಳ ಒಂದು ಭಾಗವನ್ನು ಮೊದಲು ಸಂಗ್ರಹಿಸಿದ್ದು ಹೋಟೆಲು ಉದ್ಯಮದೊಂದಿಗೆ ನಂಟಿದ್ದ ಸಂಸ್ಥೆ ಎಂಬ ಮಾತೂ ಚರ್ಚೆಗೆ ಬಂತು. ಕಾರ್ಡ್ ಮತ್ತು ಕ್ರೂಗರ್ ಅದೇ ಸಂಚಿಕೆಯಲ್ಲಿ, ಉದ್ಯೋಗದಾತರು ಸರಕಾರಕ್ಕೆ ಸಲ್ಲಿಸಿದ ದಾಖಲೆಗಳನ್ನು ಬಳಸಿ, ಪರಿಣಾಮ ಸೊನ್ನೆಯ ಆಸುಪಾಸಿನಲ್ಲಿದೆಯೆಂದು ಉತ್ತರಿಸಿದರು. 1996ರ ಅಕ್ಟೋಬರಿನಲ್ಲಿ ಕೇಂದ್ರದ ಕನಿಷ್ಠ ವೇತನ 4.75ಕ್ಕೆ ಏರಿದಾಗ ಪೆಟ್ಟು ಬಿದ್ದದ್ದು ಪೆನ್ಸಿಲ್ವೇನಿಯಾಕ್ಕೆ, ಆಗಲೇ 5.05ರಲ್ಲಿದ್ದ ನ್ಯೂಜೆರ್ಸಿಗಲ್ಲ. ಪ್ರಯೋಗವೇ ತಿರುಗಿ ನಿಂತಂತಿದ್ದ ಆ ಸಂದರ್ಭದಲ್ಲೂ ಪೆನ್ಸಿಲ್ವೇನಿಯಾದ ಉದ್ಯೋಗ ಕುಸಿದದ್ದು ಅವರ ಅಂಕಿಗಳಲ್ಲಿ ಕಾಣಲಿಲ್ಲ. ಗಮನಿಸಬೇಕಾದದ್ದೆಂದರೆ, ಈ ಉತ್ತರದಲ್ಲಿ ಕಾರ್ಡ್ ಮತ್ತು ಕ್ರೂಗರ್ ಅವರ ವಾದ ಮೊದಲಿಗಿಂತ ಮೆದುವಾಗಿತ್ತು.

ಇನ್ನೊಂದು ಆಕ್ಷೇಪ ಹೆಚ್ಚು ಆಳವಾದದ್ದು. 410 ಹೋಟೆಲುಗಳಿದ್ದರೂ ರಾಜ್ಯಗಳು ಎರಡೇ. ಒಂದು ರಾಜ್ಯಕ್ಕೆ ಬಡಿದ ಆಘಾತ ಅಲ್ಲಿನ ಎಲ್ಲ ಹೋಟೆಲುಗಳಿಗೂ ಒಟ್ಟಿಗೆ ಬಡಿಯುತ್ತದೆ. ಪ್ರತಿ ಹೋಟೆಲನ್ನೂ ಸ್ವತಂತ್ರ ಸಾಕ್ಷಿಯೆಂದು ಎಣಿಸಿದರೆ ಸ್ಟ್ಯಾಂಡರ್ಡ್ ಎರರ್ ಇರಬೇಕಾದ್ದಕ್ಕಿಂತ ಚಿಕ್ಕದಾಗಿ ಕಾಣುತ್ತದೆ. ಸ್ಟೀಫನ್ ಡೊನಾಲ್ಡ್ ಮತ್ತು ಕೆವಿನ್ ಲ್ಯಾಂಗ್ 2007ರಲ್ಲಿ ಇಂಥ ವಿನ್ಯಾಸಗಳ ಬಗ್ಗೆ ಈ ಅಂಶವನ್ನು ಎತ್ತಿ ತೋರಿಸಿದರು. ಮೇಲೆ ಲೆಕ್ಕ ಹಾಕಿದ 0.1ರಿಂದ 5.4ರ ಅಂತರಕ್ಕೆ ವಿದ್ಯಾರ್ಥಿಗಳು ಮರಳಿ ಹೋಗಿ, ಅದು ಎಷ್ಟು ಅಗಲವಾಗಬಹುದೆಂದು ಯೋಚಿಸಬೇಕಾದ ಹೊತ್ತು ಇದು. ಎರಡು ರಾಜ್ಯಗಳ ಈ ಮಿತಿಯನ್ನು ದಾಟಿದ್ದು ಮುಂದಿನ ಪೀಳಿಗೆಯ ಕೆಲಸ: ದೋರುಕ್ ಚೆಂಗಿಜ್, ಅರಿಂದ್ರಜಿತ್ ದುಬೆ ಮತ್ತು ಸಂಗಡಿಗರು 1979ರಿಂದ 2016ರವರೆಗಿನ 138 ರಾಜ್ಯಮಟ್ಟದ ಏರಿಕೆಗಳನ್ನು ಒಟ್ಟಿಗೆ ತೆಗೆದುಕೊಂಡು 2019ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲೂ ಏರಿಕೆಯ ನಂತರದ ಐದು ವರ್ಷಗಳಲ್ಲಿ ಕಡಿಮೆ ಕೂಲಿಯ ಕೆಲಸಗಳ ಒಟ್ಟು ಸಂಖ್ಯೆ ಬಹುತೇಕ ಬದಲಾಗಿರಲಿಲ್ಲ. ಕಾರ್ಡ್ ಅವರಿಗೆ 2021ರಲ್ಲಿ ನೊಬೆಲ್ ಪ್ರಶಸ್ತಿಯ ಅರ್ಧ ಸಂದಿತು. ಕ್ರೂಗರ್ 2019ರಲ್ಲೇ ತೀರಿಕೊಂಡಿದ್ದರು.

ನಮ್ಮ ನೆಲದಲ್ಲಿ ಮಾಡುವುದಾದರೆ

ಈ ಪ್ರಕರಣ ಓದಿದ ವಿದ್ಯಾರ್ಥಿಗಳು ಕರ್ನಾಟಕದಲ್ಲೂ ಇಂಥದ್ದನ್ನು ಮಾಡಬಹುದೇ ಎಂದು ಕೇಳುತ್ತಾರೆ, ಕೇಳಬೇಕು ಕೂಡ. ನಮ್ಮಲ್ಲೂ ಕನಿಷ್ಠ ವೇತನವನ್ನು ರಾಜ್ಯಗಳೇ ನಿಗದಿಪಡಿಸುತ್ತ ಬಂದಿವೆ. ಅತ್ತಿಬೆಲೆಯ ಹೋಟೆಲಿಗೂ ಹೊಸೂರಿನ ಹೋಟೆಲಿಗೂ ನಡುವೆ ಕೆಲವೇ ಕಿಲೋಮೀಟರುಗಳ ದಾರಿ, ಆದರೆ ದರಪಟ್ಟಿ ಬೇರೆ. ವಿನ್ಯಾಸ ಮೇಲ್ನೋಟಕ್ಕೆ ತಾನಾಗಿಯೇ ಒದಗಿಬರುತ್ತದೆ. ಆದರೆ ನ್ಯೂಜೆರ್ಸಿಯಲ್ಲಿ ಕಾನೂನು ಜಾರಿಯಾದ ಮೇಲೆ ಶೇ. 85ರಷ್ಟು ಹೋಟೆಲುಗಳ ಆರಂಭಿಕ ಕೂಲಿ ಸರಿಯಾಗಿ 5.05ಕ್ಕೆ ಬಂದು ನಿಂತಿತ್ತು, ಪೆನ್ಸಿಲ್ವೇನಿಯಾದ ಸರಾಸರಿ 4.63ರಿಂದ 4.62ಕ್ಕೆ ಬಂದು ಅಲ್ಲಾಡದೆ ಉಳಿದಿತ್ತು. ಕಾನೂನು ಕೂಲಿಯನ್ನು ನಿಜವಾಗಿ ಏರಿಸಿತು ಎಂಬ ಮೊದಲ ಮೆಟ್ಟಿಲು ಅಲ್ಲಿ ಗಟ್ಟಿಯಾಗಿತ್ತು. ಲಿಖಿತ ನೇಮಕಾತಿಯೇ ಇಲ್ಲದ, ಊಟ ವಸತಿಯನ್ನು ಕೂಲಿಯಲ್ಲಿ ಸೇರಿಸಿ ಮಾತಾಡಿಕೊಳ್ಳುವ ನಮ್ಮ ಸಣ್ಣ ಹೋಟೆಲುಗಳಲ್ಲಿ ಆ ಮೆಟ್ಟಿಲನ್ನು ಮೊದಲು ಅಳೆಯದೆ, ಉದ್ಯೋಗ ಬದಲಾಗಲಿಲ್ಲ ಎಂದು ಬರೆದರೆ ಅದಕ್ಕೆ ಅರ್ಥವಿರುವುದಿಲ್ಲ. ಕೂಲಿಯೇ ಏರದಿದ್ದಾಗ ಉದ್ಯೋಗ ಬದಲಾಗುವುದಾದರೂ ಏಕೆ?

ಆದ್ದರಿಂದ ಕಿರು ಸಂಶೋಧನೆಗೆ ಹೊರಡುವವರಿಗೆ ಪ್ರಶ್ನಾವಳಿಯ ಮೊದಲ ಪುಟವನ್ನು ಕೂಲಿಗೇ ಮೀಸಲಿಡಲು ಹೇಳುತ್ತೇನೆ: ಹೊಸದಾಗಿ ಸೇರಿದ ಸಪ್ಲೈಯರಿಗೆ ಎಷ್ಟು, ಪಾತ್ರೆ ತೊಳೆಯುವವರಿಗೆ ಎಷ್ಟು, ಊಟ ಮತ್ತು ವಸತಿಗೆ ಎಷ್ಟು ಹಿಡಿಯುತ್ತಾರೆ, ಕೊಡುವುದು ದಿನಕ್ಕೋ ವಾರಕ್ಕೋ ತಿಂಗಳಿಗೋ. ಎರಡೂ ಊರುಗಳಲ್ಲಿ ಒಂದೇ ಪ್ರಶ್ನೆ, ಒಂದೇ ವಾರ. ಎರಡನೆಯ ಸುತ್ತಿನಲ್ಲಿ ಬಾಗಿಲು ಮುಚ್ಚಿದ್ದ ಹೋಟೆಲಿಗೂ ಹೋಗಿ ಅಕ್ಕಪಕ್ಕದವರನ್ನು ವಿಚಾರಿಸಬೇಕು. ಮೊದಲ ಸುತ್ತು ಯಾವಾಗ ಎಂಬುದಕ್ಕೆ ನಮ್ಮ ಕಾನೂನಿನಲ್ಲೇ ಒಂದು ಅನುಕೂಲವಿದೆ. ವೇತನ ಪರಿಷ್ಕರಣೆಗೆ ಸಮಿತಿ ನೇಮಿಸದೆ ಕರಡು ಅಧಿಸೂಚನೆ ಹೊರಡಿಸುವ ಮಾರ್ಗವನ್ನು ಸರಕಾರ ಹಿಡಿದಾಗ, ಬಾಧಿತರ ಅಭಿಪ್ರಾಯಕ್ಕಾಗಿ ಕನಿಷ್ಠ ಎರಡು ತಿಂಗಳ ಕಾಲಾವಕಾಶ ಕೊಡಲೇಬೇಕು. ಕರಡು ರಾಜ್ಯಪತ್ರದಲ್ಲಿ ಬಂದ ವಾರವೇ ಸಮೀಕ್ಷೆ ಆರಂಭಿಸಿದರೆ, ಅಂತಿಮ ಅಧಿಸೂಚನೆ ಬರುವುದರೊಳಗೆ ಎರಡೂ ಊರುಗಳ ಮೊದಲ ಸುತ್ತಿನ ಸರಾಸರಿಗಳು ಕೈಯಲ್ಲಿರುತ್ತವೆ.